ತಿದ್ದುವ ಜಾಗ, ಬಿಡುವ ಜಾಗ: ಆಲೆಮನೆಯ ಕಥೆಯೊಂದು ಎಂಟು ಪುಟದ ಕಾಮಿಕ್ಸ್ ಆದ ಬಗೆ

ಎಂಟು ಪುಟ, 40 ಚೌಕ, 43 ಸಂಜೆ. ಮಂಡ್ಯ ಸೀಮೆಯ ಆಲೆಮನೆಯೊಂದರಲ್ಲಿ ಒಂದು ರಾತ್ರಿ ನಡೆಯುವ ಪುಟ್ಟ ಕಾಮಿಕ್ಸಿಗೆ ಹಿಡಿದ ಲೆಕ್ಕ ಇದು. ತಾತ ಪಾಕ ನೋಡುತ್ತಾನೆ, ಮೊಮ್ಮಗ ಒಲೆಗೆ ಕಬ್ಬಿನ ಸಿಪ್ಪೆ ತುರುಕುತ್ತಾನೆ, ನಡುವೆ ಒಮ್ಮೆ ನೊರೆ ಉಕ್ಕುತ್ತದೆ, ಬೆಳಗಿನ ಜಾವಕ್ಕೆ ಹುಡುಗನಿಗೂ ಹದ ತಿಳಿಯುತ್ತದೆ, ಮರುದಿನ ಒಂದು ಬುಟ್ಟಿ ಅಚ್ಚು ಬೆಲ್ಲ ಮೈಸೂರಿನ ದೇವರಾಜ ಮಾರುಕಟ್ಟೆ ಸೇರುತ್ತದೆ. ಇಷ್ಟೇ ಕಥೆ. ದಿನಕ್ಕೆ 2 ಗಂಟೆ, ವಾರಕ್ಕೆ 5 ಸಂಜೆ ಕೂತರೆ ಸುಮಾರು 9 ವಾರದ ಕೆಲಸ.

ಇಂಥ ಸಣ್ಣ ಕಥೆಗಳೇ ಹೆಚ್ಚಾಗಿ ಅರ್ಧಕ್ಕೆ ನಿಲ್ಲುವುದು, ಅದೂ ಮೊದಲ ಪುಟದಲ್ಲೇ. ಇಂಕು ಹಾಕಿ ನೋಡಿದರೆ ತಾತನ ಮೂಗು ಸರಿಯಿಲ್ಲ ಅನ್ನಿಸುತ್ತದೆ. ಇನ್ನೊಂದು ಹಾಳೆ ತೆಗೆದು ಬರೆದರೆ ಮೂಗು ಸರಿಹೋಗಿ ಕೈ ಸೊಟ್ಟಗಾಗುತ್ತದೆ. ನಾಲ್ಕನೆಯ ಹಾಳೆಯ ಹೊತ್ತಿಗೆ ಕೈ ಪಳಗಿರುತ್ತದೆ, ಮನಸ್ಸು ಸೋತಿರುತ್ತದೆ. ಚೆನ್ನಾಗಿ ಬರಬೇಕೆಂಬ ಆಸೆಯಲ್ಲಿ ತಪ್ಪೇನೂ ಇಲ್ಲ, ಆ ಆಸೆಯನ್ನು ಖರ್ಚು ಮಾಡಿದ ಜಾಗ ತಪ್ಪು. ಒಂದು ಚೌಕದಲ್ಲಿ ಪಾತ್ರ ನಿಂತ ಜಾಗ ಬದಲಿಸಬೇಕು ಅನ್ನಿ. ಥಂಬ್‌ನೇಲ್ (ಪುಟದ ಪುಟ್ಟ ಕಚ್ಚಾ ನಕ್ಷೆ) ಹಂತದಲ್ಲಿ ಅದು 3 ನಿಮಿಷದ ಕೆಲಸ. ಪೆನ್ಸಿಲ್ ಆದಮೇಲೆ 20 ನಿಮಿಷ. ಇಂಕು ಒಣಗಿದ ಮೇಲೆ ಒಂದು ಗಂಟೆ ದಾಟುತ್ತದೆ, ಪಕ್ಕದ ಚೌಕವೂ ಕೆಡಬಹುದು. ಆದ್ದರಿಂದ ಹಟ ಹಿಡಿಯುವುದನ್ನೆಲ್ಲ 3 ನಿಮಿಷದ ಜಾಗದಲ್ಲಿ ಹಿಡಿದು, ಇಂಕಿನ ಹೊತ್ತಿಗೆ ಕೈ ಸಡಿಲ ಬಿಡುವಂತೆ ಇಡೀ ಕೆಲಸವನ್ನು ಜೋಡಿಸಿಕೊಂಡೆವು.

43 ಸಂಜೆ ಹಂಚಿಹೋದದ್ದು ಹೀಗೆ: ಕಥೆ ಮತ್ತು ಮಾತು 4, ಥಂಬ್‌ನೇಲ್ 5, ಪಾತ್ರ ಮತ್ತು ಆಕರ ಚಿತ್ರಗಳು 3, ಅಕ್ಷರದ ಕರಡು 2, ಪೆನ್ಸಿಲ್ 8, ಇಂಕು 13, ಸ್ಕ್ಯಾನ್ ಮತ್ತು ಶುದ್ಧಿ 3, ಅಂತಿಮ ಅಕ್ಷರ 3, ಮಾದರಿ ಪುಸ್ತಕ ಮತ್ತು ದುರಸ್ತಿ 2. ಹಾಳೆಯ ಮೇಲೆ ನಿಜವಾದ ಚಿತ್ರ ಬೀಳುವ ಮುಂಚೆಯೇ 14 ಸಂಜೆ ಕಳೆದಿವೆ. ಆ 14 ಸಂಜೆಗಳನ್ನು ಉಳಿಸಲು ಹೋದವರೇ ಮುಂದೆ ಇಂಕಿನಲ್ಲಿ 30 ಸಂಜೆ ಕಳೆಯುತ್ತಾರೆ.

ಎಲ್ಲಕ್ಕಿಂತ ಮೊದಲು ತೀರ್ಮಾನವಾಗಬೇಕಾದದ್ದು ಅಚ್ಚಿನ ಅಳತೆ. ನಮ್ಮದು ಎ5 ಪುಸ್ತಕ, ಅಂದರೆ 148 x 210 ಮಿ.ಮೀ. ಬರೆದದ್ದು ಎ4 ಅಳತೆಯಲ್ಲಿ. ಎ4ನ್ನು ಎ5ಕ್ಕೆ ಇಳಿಸಿದರೆ ಎಲ್ಲ ಗೆರೆಯೂ 71 ಪರ್ಸೆಂಟಿಗೆ ಇಳಿಯುತ್ತದೆ. ಪಿಗ್ಮಾ ಮೈಕ್ರಾನ್ ಪೆನ್ನಿನ ಮೇಲೆ 01 ಎಂದು ಬರೆದಿದ್ದರೆ ಅದರ ಗೆರೆ 0.25 ಮಿ.ಮೀ., 05 ಎಂದಿದ್ದರೆ 0.45, 08 ಎಂದಿದ್ದರೆ 0.50. ಅಚ್ಚಿನಲ್ಲಿ ಇವು ಸುಮಾರು 0.18, 0.32 ಮತ್ತು 0.35 ಮಿ.ಮೀ. ಆಗುತ್ತವೆ. 01ರಲ್ಲಿ ಕಷ್ಟಪಟ್ಟು ಹಾಕಿದ ನವಿರು ಅಡ್ಡಗೆರೆಗಳು ಜೆರಾಕ್ಸ್ ಯಂತ್ರದಲ್ಲಿ ಅಲ್ಲಲ್ಲಿ ಮಾಯವಾಗಿ, ಉಳಿದ ಕಡೆ ಒಂದಕ್ಕೊಂದು ಅಂಟಿ ಕೊಳೆಯ ಹಾಗೆ ಕಾಣುತ್ತವೆ. ಆದ್ದರಿಂದ ಎರಡೇ ಪೆನ್ನು, ಒಂದು ಬ್ರಷ್ ಪೆನ್ನು ಎಂದು ಕಟ್ಟು ಹಾಕಿಕೊಂಡೆವು: ಹಿನ್ನೆಲೆಗೆ 03, ಪಾತ್ರಕ್ಕೆ 08, ಕತ್ತಲೆಗೆ ಬ್ರಷ್. ಉಪಕರಣ ಕಡಿಮೆಯಾದಷ್ಟೂ ಪ್ರತಿ ಚೌಕದಲ್ಲಿ "ಇದಕ್ಕೆ ಯಾವುದು" ಎಂಬ ಗೊಂದಲ ಕಡಿಮೆ.

ಮೊಬೈಲಿನಲ್ಲಿ ಓದಿಸುವ ಉದ್ದೇಶವಿದ್ದರೆ ಈ ಲೆಕ್ಕ ಹಿಡಿಯುವುದಿಲ್ಲ. ಫೋನಿನ ಪರದೆಯ ಅಗಲ ಹೆಚ್ಚೆಂದರೆ 7 ಸೆಂ.ಮೀ. 148 ಮಿ.ಮೀ. ಅಗಲದ ಪುಟ ಅಲ್ಲಿ ಅರ್ಧಕ್ಕೂ ಕಡಿಮೆಯಾಗಿ, 9 ಪಾಯಿಂಟಿನ ಅಕ್ಷರ 4 ಪಾಯಿಂಟಿನಷ್ಟು ಕುಗ್ಗುತ್ತದೆ. ಪುಟ ಮುಗಿದ ಮೇಲೆ ಅದನ್ನು ಫೋನಿಗೆ ಒಗ್ಗಿಸುವುದಕ್ಕಿಂತ, ಒಂದು ಪರದೆಗೆ ಒಂದೇ ಚೌಕ ಎಂದು ಮೊದಲಿನಿಂದ ಹೊಸದಾಗಿ ಜೋಡಿಸುವುದು ಸುಲಭ.

ಈಗ ಥಂಬ್‌ನೇಲ್. ಒಂದು ಎ4 ಹಾಳೆಯನ್ನು ಅಡ್ಡ ಇಟ್ಟು 5 x 7 ಸೆಂ.ಮೀ. ಅಳತೆಯ ಎಂಟು ಮನೆ ಹಾಕಿದರೆ ಇಡೀ ಕಥೆ ಒಂದೇ ನೋಟಕ್ಕೆ ಸಿಗುತ್ತದೆ. ಇದಕ್ಕೆ ಪೆನ್ಸಿಲ್ ಬೇಡ, ರಬ್ಬರಂತೂ ಬೇಡವೇ ಬೇಡ. ಮೊಂಡು ಸ್ಕೆಚ್ ಪೆನ್ನು ಸಾಕು. ಮೊಂಡು ಪೆನ್ನಿನಲ್ಲಿ ಮೂಗು ಬರೆಯಲು ಆಗುವುದಿಲ್ಲ, ಹಾಗಾಗಿ ಮೂಗಿನ ಚಿಂತೆಯೂ ಹುಟ್ಟುವುದಿಲ್ಲ. ಪಾತ್ರಕ್ಕೆ ಒಂದು ಮೊಟ್ಟೆಯಾಕಾರ, ಕೊಪ್ಪರಿಗೆಗೆ ಒಂದು ಅರ್ಧಚಂದ್ರ, ಮಾತಿಗೆ ಒಂದು ಗುಳ್ಳೆ, ಅಷ್ಟೇ. ಪುಟಕ್ಕೆ 5 ನಿಮಿಷದಂತೆ ಮೊದಲ ಸುತ್ತು 40 ನಿಮಿಷದಲ್ಲಿ ಮುಗಿಯಬೇಕು. ಮೊದಲ ಸುತ್ತು ಚೆನ್ನಾಗಿದ್ದರೂ ಎರಡನೆಯದನ್ನು ಹೊಸ ಹಾಳೆಯಲ್ಲಿ ಮಾಡಲೇಬೇಕು. ಮೊದಲು ಹೊಳೆದ ಜೋಡಣೆ ಸಾಮಾನ್ಯವಾಗಿ ಎಲ್ಲೋ ನೋಡಿದ್ದೇ ಆಗಿರುತ್ತದೆ. ಮೂರನೆಯ ಸುತ್ತು ಮಾತ್ರ ಎರಡರಷ್ಟು ದೊಡ್ಡದು, 10 x 14 ಸೆಂ.ಮೀ., ಅದರಲ್ಲಿ ಮಾತುಗಳನ್ನೂ ಬರೆದು ನೋಡುವುದು.

ನಮ್ಮ ಎಂಟು ಪುಟದ ದೊಡ್ಡ ತಪ್ಪುಗಳೆಲ್ಲ ಸಿಕ್ಕಿದ್ದು ಈ ಸುತ್ತುಗಳಲ್ಲೇ. ಎರಡನೆಯ ಪುಟದಲ್ಲಿ ಮೊದಲು ಮಾತಾಡುವವನು ಹುಡುಗ, ಆದರೆ ಅವನು ನಿಂತದ್ದು ಬಲಗಡೆ. ಕನ್ನಡ ಓದುವ ಕಣ್ಣು ಎಡದಿಂದ ಬರುತ್ತದೆ, ಮೇಲಿನಿಂದ ಇಳಿಯುತ್ತದೆ. ತಾತನ ಉತ್ತರ ಮೊದಲು, ಹುಡುಗನ ಪ್ರಶ್ನೆ ಆಮೇಲೆ ಕಿವಿಗೆ ಬಿತ್ತು. ಗುಳ್ಳೆಗಳ ಬಾಲವನ್ನು ಕತ್ತರಿಯಂತೆ ಅಡ್ಡ ಹಾಯಿಸಿ ಸರಿಪಡಿಸಲು ನೋಡಬಾರದು, ಅದು ಇನ್ನೂ ಗೋಜಲು. ಇಬ್ಬರ ಜಾಗವನ್ನೇ ಅದಲುಬದಲು ಮಾಡಿದೆವು. ಆಗ ಮೂರನೆಯ ಪುಟದಲ್ಲಿ ಒಲೆಯ ಬಾಯಿ ಬಲಕ್ಕೆ ಹಾರಿತು, ಓದುವವರಿಗೆ ಬೇರೆ ಆಲೆಮನೆಯ ಹಾಗೆ ಕಂಡಿತು. ಒಲೆಯ ಬಾಯಿ ಯಾವಾಗಲೂ ಎಡಕ್ಕೆ ಎಂದು ಹಾಳೆಯ ಅಂಚಿನಲ್ಲಿ ಬರೆದುಕೊಂಡು ಎರಡೂ ಪುಟವನ್ನು ಮತ್ತೆ ಹೂಡಿದೆವು. ಒಟ್ಟು 25 ನಿಮಿಷ. ಇಂಕಿನ ಹಂತದಲ್ಲಾಗಿದ್ದರೆ ಎರಡು ಪುಟ ಪೂರ್ತಿ ಹೋಗುತ್ತಿತ್ತು.

ಇನ್ನೊಂದು ತಪ್ಪು ಪುಟ ತಿರುವುವ ಲೆಕ್ಕದ್ದು. ರಕ್ಷಾಪುಟದ ನಾಲ್ಕು ಬದಿ ಸೇರಿ ಪುಸ್ತಕ 12 ಬದಿಯದ್ದು, ಮೂರು ಎ4 ಹಾಳೆ ಮಡಚಿ ಮಧ್ಯೆ ಪಿನ್ ಹೊಡೆದದ್ದು. ಹೀಗಿರುವಾಗ ಕಥೆಯ 1ನೇ ಪುಟ ಒಂಟಿಯಾಗಿ ಬಲಗಡೆ ಬರುತ್ತದೆ, ಆಮೇಲೆ 2-3, 4-5, 6-7 ಎದುರುಬದುರು, 8 ಎಡಗಡೆ. ಓದುಗರು ಹಾಳೆ ತಿರುಗಿಸಿದಾಗಲೇ ಕಾಣಬೇಕಾದ ಅಚ್ಚರಿ 2, 4, 6 ಅಥವಾ 8ರಲ್ಲಿ ಇರಬೇಕು. ನೊರೆ ಉಕ್ಕುವ ದೊಡ್ಡ ಚಿತ್ರ ಮೊದಲ ಸುತ್ತಿನಲ್ಲಿ 5ನೇ ಪುಟದಲ್ಲಿತ್ತು. 4ನೇ ಪುಟ ಓದುವವರ ಕಣ್ಣಂಚಿಗೆ ಅದು ಆಗಲೇ ಬಿದ್ದುಬಿಡುತ್ತದೆ. ಒಂದು ಮಾತುಕತೆಯನ್ನು ಹಿಗ್ಗಿಸಿ ಅದನ್ನು 6ಕ್ಕೆ ಸರಿಸಿದೆವು.

ಮೂರನೆಯ ಸುತ್ತು ಮುಗಿದಾಗ ಕಥೆ ಗೊತ್ತಿಲ್ಲದ ಇಬ್ಬರ ಕೈಗೆ ಕೊಟ್ಟು, ನಾವು ಬಾಯಿ ಬಿಡದೆ, ಅವರಿಂದ ಜೋರಾಗಿ ಓದಿಸುವುದು. "ಇದೇನಿದು" ಎಂದು ನಿಂತ ಚೌಕಕ್ಕೆ ಒಂದು ಚುಕ್ಕೆ. ಒಬ್ಬರೇ ನಿಂತಿದ್ದರೆ ಯೋಚಿಸಬಹುದು, ಇಬ್ಬರೂ ನಿಂತ ಜಾಗವನ್ನು ತಿದ್ದಲೇಬೇಕು. ನಮ್ಮ ಕಥೆಯಲ್ಲಿ ಇಬ್ಬರೂ ನಿಂತದ್ದು 3ನೇ ಪುಟದ 4ನೇ ಚೌಕದಲ್ಲಿ. ತಾತ ಕಬ್ಬಿನ ಹಾಲಿಗೆ ಸುಣ್ಣದ ತಿಳಿ ಹಾಕುವುದನ್ನು ಅವರು ಹಸುವಿನ ಹಾಲು ಸುರಿಯುತ್ತಿದ್ದಾನೆ ಎಂದು ಓದಿದರು. ಚಿತ್ರವನ್ನು ಎಷ್ಟು ಚೆನ್ನಾಗಿ ಬರೆದರೂ ಕಪ್ಪುಬಿಳುಪಿನಲ್ಲಿ ಎರಡೂ ಒಂದೇ. ಹಿಂದಿನ ಚೌಕದಲ್ಲಿ ಹುಡುಗನ ಕೈಗೆ ಒಂದು ಸುಣ್ಣದ ಡಬ್ಬಿ ಕೊಟ್ಟದ್ದೇ ಪರಿಹಾರ. ಕೆಲವು ದೋಷಗಳು ಕೈಯವು ಅಲ್ಲವೇ ಅಲ್ಲ, ಅವನ್ನು ಹೆಚ್ಚು ಗೆರೆ ಹಾಕಿ ನೀಗಿಸಲಾಗುವುದಿಲ್ಲ.

ಪಾತ್ರಗಳ ವಿಷಯದಲ್ಲಿ ಮೈಸೂರಿನವರೇ ಆದ ಆರ್.ಕೆ. ಲಕ್ಷ್ಮಣ್ ಅವರನ್ನು ನೆನೆಯಬೇಕು. 1951ರಿಂದ ದಶಕಗಳ ಕಾಲ ಪತ್ರಿಕೆಗೆ ಪಾಕೆಟ್ ಕಾರ್ಟೂನು ಬರೆದವರು. ಅವರ ಶ್ರೀಸಾಮಾನ್ಯನಿಗೆ ಅದೇ ಚೌಕಳಿ ಕೋಟು, ಅದೇ ಪಂಚೆ, ಅದೇ ಕನ್ನಡಕ ಮತ್ತು ಮೀಸೆ. ಪಾತ್ರದ ತೀರ್ಮಾನ ಒಮ್ಮೆ ಮುಗಿದುಹೋದರೆ, ದಿನದ ಶ್ರಮವೆಲ್ಲ ಆ ದಿನದ ಸಂಗತಿಗೆ ಸಿಗುತ್ತದೆ. ಶ್ರೀರಂಗಪಟ್ಟಣದ ಕಡೆ ಕಲಾವಿದರು ಉಳಿಸಿಕೊಂಡ ಗಂಜೀಫಾ ಎಂಬ ಇಸ್ಪೀಟಿನಂಥ ಆಟದ ಎಲೆಗಳಲ್ಲಿ ಇನ್ನೊಂದು ಪಾಠವಿದೆ. ದಶಾವತಾರ ಗಂಜೀಫಾದಲ್ಲಿ 10 ಬಣ, ಬಣಕ್ಕೆ 12 ಎಲೆ, ಒಟ್ಟು 120. ಒಂದರಿಂದ ಹತ್ತರವರೆಗಿನ ಎಲೆಗಳಲ್ಲಿ ಆಯಾ ಅವತಾರದ ಗುರುತು ಅಷ್ಟಷ್ಟು ಸಲ ಬರಬೇಕು. ಬಣಕ್ಕೆ 55, ಇಡೀ ಕಟ್ಟಿಗೆ 550 ಗುರುತು. ಅಷ್ಟು ಸಲ ಬರೆಯಬೇಕಾದ ಗುರುತು ಕೈಗೆ ಸಲೀಸಾಗಿರಲೇಬೇಕು. ಚಿತ್ರಕಥೆಯ ಪಾತ್ರಕ್ಕೂ ಕೇಳಬೇಕಾದ ಪ್ರಶ್ನೆ ಇದೇ: ಇದನ್ನು, ನಮ್ಮ ತಾತನ ಹಾಗೆ, 31 ಚೌಕದಲ್ಲಿ ಬರೆಯಲು ಆಗುತ್ತದೆಯೇ?

ತಾತನಿಗೆ ತಲೆಗೆ ಸುತ್ತಿದ ಟವೆಲ್ಲು, ಪಟಾಪಟಿ ಚಡ್ಡಿ. ಮಂಡ್ಯದ ತಾತನಿಗೆ ಪಟಾಪಟಿ ಚಡ್ಡಿ ಬೇಕೇ ಬೇಕು. ಆದರೆ ಮೊದಲ ಚಿತ್ರದಲ್ಲಿ ಚಡ್ಡಿಗೆ 12 ಗೆರೆ ಬಿದ್ದಿತ್ತು. ಅವನು ಬರುವುದು 31 ಚೌಕದಲ್ಲಿ, ಅಂದರೆ ಬರೀ ಚಡ್ಡಿಗೆ 372 ಗೆರೆ, ಮಂಡಿ ಮಡಿಸಿದಾಗಲೆಲ್ಲ ಅವುಗಳ ಬಾಗು ಬೇರೆ. ಐದು ದಪ್ಪ ಪಟ್ಟೆಗೆ ಇಳಿಸಿದೆವು, ಅದೂ ಬ್ರಷ್ಷಿನಲ್ಲಿ. ದೂರದಿಂದ ಗುರುತು ಇನ್ನೂ ಚೆನ್ನಾಗಿ ಹತ್ತಿತು. ಹುಡುಗನ ತಲೆಗೂದಲು ಎಳೆ ಎಳೆಯಾಗಿ ಬೇಡ, ಒಂದೇ ಕಪ್ಪು ಆಕಾರ. ಪ್ರತಿ ಪಾತ್ರವನ್ನೂ ಮುಂದಿನಿಂದ, ಪಕ್ಕದಿಂದ, ಬೆನ್ನಿನಿಂದ, ಕೂತು, ಬಾಗಿ ಹೀಗೆ ಒಂದು ಹಾಳೆಯಲ್ಲಿ ಬರೆದು ಎದುರು ಗೋಡೆಗೆ ಅಂಟಿಸುವುದು. ಆಮೇಲೆ 15 ಮಿ.ಮೀ. ಎತ್ತರದಲ್ಲಿ ಬರೆದು ಪೂರ್ತಿ ಕಪ್ಪು ಬಳಿದರೂ ಯಾರು ಯಾರೆಂದು ತಿಳಿಯಬೇಕು. ಆ ಪರೀಕ್ಷೆಯಲ್ಲಿ ಗೆದ್ದ ಮೇಲೆ ಹಾಳೆಯನ್ನು ಮುಟ್ಟುವಂತಿಲ್ಲ. 5ನೇ ಪುಟದಲ್ಲಿ ಇನ್ನೂ ಒಳ್ಳೆಯ ಮೂಗು ಹೊಳೆದರೆ ಅದು ಮುಂದಿನ ಕಥೆಯ ತಾತನಿಗೆ.

ಆಲೆಮನೆಯ ಆಕರ ಚಿತ್ರಗಳ ವಿಷಯದಲ್ಲಿ ಮಾತ್ರ ರಾಜಿ ಸಲ್ಲದು. ಕಬ್ಬು ಅರೆಯುವ ಹಂಗಾಮಿನಲ್ಲಿ ಹೋಗಿ ಕಣ್ಣಾರೆ ನೋಡಬೇಕು. ಗಾಣದಿಂದ ಹಾಲು ಯಾವ ಕಡೆ ಹರಿಯುತ್ತದೆ, ಸಿಪ್ಪೆ ಎಲ್ಲಿ ಒಣಗುತ್ತದೆ, ಒಲೆಗೆ ಹಾಕುವವನು ಎಷ್ಟು ಕೆಳಗೆ ಕೂರುತ್ತಾನೆ, ಕೊಳೆ ತೆಗೆಯುವ ಜಾಲರಿಯ ಹಿಡಿ ಎಷ್ಟು ಉದ್ದ, ಪಾಕ ಸುರಿಯುವಾಗ ಕೊಪ್ಪರಿಗೆಯನ್ನು ಎಲ್ಲೆಲ್ಲಿ ಹಿಡಿಯುತ್ತಾರೆ: ಇವು ತಪ್ಪಿದರೆ ಪಾಂಡವಪುರದ ಓದುಗ ಮೊದಲ ಪುಟದಲ್ಲೇ ಪುಸ್ತಕ ಮುಚ್ಚುತ್ತಾನೆ. ಗಾಣಕ್ಕೆ ಮೋಟಾರು ಇರುವ ಕಾಲದ ಕಥೆಯಲ್ಲಿ ಎತ್ತು ಸುತ್ತಬಾರದು. ಗೆರೆ ನಡುಗಿದರೂ ವಿಷಯ ನಡುಗಬಾರದು ಎಂಬುದು ನಮ್ಮ ಖಚಿತ ಅಭಿಪ್ರಾಯ.

ಅಕ್ಷರದ ಕೆಲಸವನ್ನು ಹೆಚ್ಚಿನವರು ಕೊನೆಗೆ ಇಟ್ಟುಕೊಳ್ಳುತ್ತಾರೆ, ಅಲ್ಲೇ ಪುಟ ಕೆಡುತ್ತದೆ. ಒಂದು ಚೌಕಕ್ಕೆ ಎರಡು ದಿನ ಹಿನ್ನೆಲೆ ಬರೆದು, ಆಮೇಲೆ ಅದರ ಮೇಲೆ ಗುಳ್ಳೆ ಕೂರಿಸಿದರೆ ಅರ್ಧ ಹಿನ್ನೆಲೆ ಅಡಿಗೆ ಹೋಗುತ್ತದೆ. ನಾವು ಪೆನ್ಸಿಲಿಗಿಂತ ಮೊದಲೇ ಮಾತುಗಳನ್ನು ನಿಜವಾದ ಅಳತೆಯಲ್ಲಿ ಅಚ್ಚು ಹಾಕಿ, ಕತ್ತರಿಸಿ, ಖಾಲಿ ಚೌಕಗಳಲ್ಲಿ ಇಟ್ಟು ನೋಡಿದೆವು. ಮುಚ್ಚಿಹೋಗುವ ಜಾಗದಲ್ಲಿ ಏನೂ ಬರೆಯುವ ಹಾಗಿಲ್ಲ. ನಮ್ಮ 40 ಚೌಕಗಳಲ್ಲಿ ಹಾಗೆ ಸುಮಾರು ಕಾಲುಭಾಗದಷ್ಟು ಜಾಗಕ್ಕೆ ಚಿತ್ರದ ಹಂಗೇ ಇರಲಿಲ್ಲ.

ಕನ್ನಡದ ಗುಳ್ಳೆ ಇಂಗ್ಲಿಷಿನ ಗುಳ್ಳೆಯ ಹಾಗಲ್ಲ. ನಮ್ಮ ಪದ ಉದ್ದ, ನಡುವೆ ಮುರಿಯಲು ಬರುವುದಿಲ್ಲ, ಒತ್ತು ಕೆಳಗೆ ಇಳಿಯುತ್ತದೆ. "ಹೋಗಬೇಕಾಗಿತ್ತು" ಎಂದರೆ ಆರು ಅಕ್ಷರದ ಅಗಲ, ಒಂದೇ ಒತ್ತು. ಆಡುಮಾತಿನ "ಹೋಗ್ಬೇಕಿತ್ತು" ನಾಲ್ಕೇ ಅಕ್ಷರ, ಆದರೆ ಎರಡು ಒತ್ತು. ಅಂದರೆ ಮಂಡ್ಯದ ಮಾತು ಬರೆಯಲು ಹೊರಟರೆ ಗುಳ್ಳೆಯ ಅಗಲ ಉಳಿಯುತ್ತದೆ, ಸಾಲುಗಳ ನಡುವಿನ ಎಡೆ ಹೆಚ್ಚು ಬೇಕಾಗುತ್ತದೆ. ಅಚ್ಚಿನಲ್ಲಿ 9 ಪಾಯಿಂಟ್ ಅಕ್ಷರಕ್ಕೆ 14 ಪಾಯಿಂಟ್ ಸಾಲಿನೆಡೆ ಇಟ್ಟೆವು. 12 ಇಟ್ಟಾಗ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗಿ ಇಕಾರವೋ ಒತ್ತೋ ತಿಳಿಯದಾಗಿತ್ತು. ಎ4 ಮೂಲದಲ್ಲಿ ಬರೆಯುವವರು 9ರ ಬದಲು 13 ಪಾಯಿಂಟ್ ಎಂದು ಲೆಕ್ಕ ಹಾಕಬೇಕು.

"ಇಳ್ಸ್‌ಬುಡ್ಲಾ ತಾತ?" ಎಂದು ಹುಡುಗ ಕೇಳುತ್ತಾನೆ. "ತಡೀಲಾ, ಇನ್ನೂ ಹದ ಬಂದಿಲ್ಲ" ಎಂದು ತಾತ. ಟೈಪ್ ಮಾಡುವಾಗ ಆ ಮೊದಲ ಪದದ ಸ್ ಮತ್ತು ಬು ನಡುವೆ ಅಕ್ಷರಗಳು ಕೂಡದಂತೆ ತಡೆಯುವ, ಕಣ್ಣಿಗೆ ಕಾಣದ ಜೀರೋ ವಿಡ್ತ್ ನಾನ್ ಜಾಯ್ನರ್ ಎಂಬ ಗುರುತು ಹಾಕದಿದ್ದರೆ ಎರಡೆರಡು ಒತ್ತು ಒಂದರ ಕೆಳಗೊಂದು ನೇತಾಡುತ್ತವೆ, ಯಾರೂ ಓದಲಾರರು. ತಂತ್ರಾಂಶ ಯಾವುದೇ ಇರಲಿ, ಮೊದಲು "ಸ್ತ್ರೀ", "ಸಂಸ್ಕೃತಿ", "ಅರ್ಥ" ಈ ಮೂರು ಪದ ಟೈಪ್ ಮಾಡಿ ನೋಡಿ. ಒತ್ತುಗಳು ಬಿಡಿಬಿಡಿಯಾಗಿ ಬಂದರೆ ಅದರಲ್ಲಿ ಕನ್ನಡದ ಅಕ್ಷರಜೋಡಣೆ ಆಗುತ್ತಿಲ್ಲ ಎಂದರ್ಥ. ಇಂಕ್‌ಸ್ಕೇಪಿನಲ್ಲಿ ಸರಿಯಾಗಿ ಬರುತ್ತದೆ, ಅದು ಉಚಿತವೂ ಹೌದು. ಬಲೂ ತಮ್ಮ ಎಂಬ ಮುಕ್ತ ಫಾಂಟಿನ ಗುಂಡು ಆಕಾರ ಮಾತಿನ ಗುಳ್ಳೆಗೆ ಒಪ್ಪುತ್ತದೆ. ಗುಳ್ಳೆಗೆ 12 ಪದ, ಪುಟಕ್ಕೆ 65 ಪದ ಮೀರಬಾರದು ಎಂದು ಇಟ್ಟುಕೊಂಡೆವು. ಮೊದಲ ಕರಡಿನಲ್ಲಿ 900ರಷ್ಟಿದ್ದ ಪದಗಳು 480ಕ್ಕೆ ಇಳಿದವು, ಕಥೆಗೆ ಏನೂ ಕೊರತೆಯಾಗಲಿಲ್ಲ. ಆಡುಮಾತಿನ ಕಾಗುಣಿತಕ್ಕೆ ಒಂದು ಪಟ್ಟಿ ಬೇಕು. "ಬತ್ತೀನಿ" ಎಂದು ಬರೆದ ಮೇಲೆ ಅದೇ ಪಾತ್ರ ಮುಂದೆ "ಬರ್ತೀನಿ" ಎನ್ನಬಾರದು.

ಇನ್ನು ಸಮಯದ ಬಜೆಟ್ಟು. ಎಲ್ಲ ಚೌಕಕ್ಕೂ ಸಮನಾದ ಶ್ರಮ ಹಾಕುವುದು ನ್ಯಾಯದ ಹಾಗೆ ಕಂಡರೂ ಕಥೆಗೆ ಅನ್ಯಾಯ. 40ರಲ್ಲಿ 6 ಚೌಕ ದೊಡ್ಡವು, ಓದುಗರು ಅಲ್ಲಿ ನಿಲ್ಲಬೇಕು. 22 ನಡುವಿನವು, ಕಥೆಯನ್ನು ಮುಂದೆ ದಾಟಿಸುವವು. 12 ಚೌಕಕ್ಕೆ ಹಿನ್ನೆಲೆಯೇ ಇಲ್ಲ, ಒಂದು ಮುಖ ಅಥವಾ ಒಂದು ಕೈ. ಇಂಕಿಗೆ ದೊಡ್ಡದಕ್ಕೆ 90 ನಿಮಿಷ, ನಡುವಿನದಕ್ಕೆ 35, ಚಿಕ್ಕದಕ್ಕೆ 15 ಎಂದು ಹಂಚಿದರೆ ಒಟ್ಟು 1,490 ನಿಮಿಷ, ಅಂದರೆ 25 ಗಂಟೆಗೆ ಹತ್ತು ನಿಮಿಷ ಕಡಿಮೆ. ಹದಿಮೂರು ಸಂಜೆ ಎಂದದ್ದು ಈ ಲೆಕ್ಕದಿಂದ. ಪ್ರತಿ ಚೌಕದ ಮೂಲೆಯಲ್ಲಿ ಪೆನ್ಸಿಲಿನಲ್ಲಿ ನಿಮಿಷ ಬರೆದು, ಫೋನಿನಲ್ಲಿ ಅಲಾರಂ ಇಟ್ಟು ಕೂರುವುದು. ಅಲಾರಂ ಹೊಡೆದಾಗ ಕೈಯಲ್ಲಿದ್ದ ಗೆರೆ ಮುಗಿಸಿ ಮುಂದಿನ ಚೌಕಕ್ಕೆ. ಯಾವುದಾದರೂ ಚೌಕ ಎರಡರಷ್ಟು ಸಮಯ ತಿಂದರೆ ಅದರ ಥಂಬ್‌ನೇಲನ್ನು ಮತ್ತೆ ನೋಡಬೇಕು. ಹೆಚ್ಚಿನ ಸಲ ದೋಷ ಜೋಡಣೆಯಲ್ಲೇ ಇದ್ದು, ಗೆರೆ ಅದನ್ನು ಮುಚ್ಚಲು ಹೆಣಗುತ್ತಿರುತ್ತದೆ.

ಆ ಆರರಲ್ಲಿ ಒಂದು ಹದ ನೋಡುವ ಚೌಕ. ಪಾಕ 118 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಬಂದಾಗ ತಾತ ಒಂದಿಷ್ಟನ್ನು ತಣ್ಣೀರಿಗೆ ಬಿಟ್ಟು ಬೆರಳಲ್ಲಿ ಉಂಡೆ ಕಟ್ಟಿ ನೋಡುತ್ತಾನೆ. ಇಡೀ ಕಥೆ ಆ ಬೆರಳುಗಳ ಮೇಲೆ ನಿಂತಿದೆ. ಅಲ್ಲಿ ಉಗುರು, ಗೆಣ್ಣು, ಸುಟ್ಟ ಕಲೆ ಎಲ್ಲ ಇರಬೇಕು. ಉಳಿದ ಚೌಕಗಳಲ್ಲಿ ಕೈಯನ್ನು ನಾಲ್ಕು ಗೆರೆಯಲ್ಲಿ ತೋರಿಸಿದರೂ ನಡೆದೀತು, ಈ ಒಂದು ಕೈಯನ್ನು ಓದುಗ ನೆನಪಿಟ್ಟುಕೊಂಡು ಉಳಿದದ್ದನ್ನು ತಾನೇ ತುಂಬಿಕೊಳ್ಳುತ್ತಾನೆ. ಆಲೆಮನೆಯ ಹಬೆಯೂ ಉಪಕಾರಿ. ಕೊಪ್ಪರಿಗೆಯ ಮೇಲೆ ಹಬೆ ಏಳುವ ಚೌಕದಲ್ಲಿ ಹಿಂದಿನ ಸೂರು, ಕಂಬ, ಕಬ್ಬಿನ ರಾಶಿ ಯಾವುದೂ ಬೇಕಿಲ್ಲ, ಬಿಳಿ ಜಾಗವೇ ಸತ್ಯ.

ದೇವರಾಜ ಮಾರುಕಟ್ಟೆಯ ಕೊನೆಯ ಪುಟದಲ್ಲೂ ಇದೇ ಲೆಕ್ಕ. ಮೊದಲ ಚೌಕದಲ್ಲಿ ಮಾತ್ರ ಅಂಗಡಿಸಾಲು ಪೂರ್ತಿ. ಆಮೇಲಿನ ಚೌಕಗಳಲ್ಲಿ ಗೋಪುರದಂತೆ ಪೇರಿಸಿದ ಕುಂಕುಮ ಅಥವಾ ತೂಗಿದ ಬಾಳೆಗೊನೆ, ಎರಡರಲ್ಲಿ ಒಂದು ಇದ್ದರೆ ಮೈಸೂರಿನವರಿಗೆ ಜಾಗ ಗೊತ್ತಾಗುತ್ತದೆ. ದಸರೆಯ ಕಥೆ ಬರೆಯುವವರು ಅರಮನೆಯ ದೀಪಗಳನ್ನು ಎಣಿಸಿ ಹಾಕಲು ಹೋಗುತ್ತಾರೆ. ಪುಟ ಕಪ್ಪು ಬಳಿದು, ಗುಮ್ಮಟ ಮತ್ತು ಕಮಾನುಗಳ ಅಂಚಿಗೆ ಮಾತ್ರ ಬಿಳಿ ಜೆಲ್ ಪೆನ್ನಿನ ಚುಕ್ಕೆ ಇಟ್ಟರೆ ದೀಪ ಹತ್ತಿಕೊಳ್ಳುತ್ತದೆ.

ಪೆನ್ಸಿಲಿಗೆ ತಿಳಿನೀಲಿ ಬಣ್ಣದ ಪೆನ್ಸಿಲ್ ಬಳಸಿದರೆ ಅಳಿಸುವ ಕೆಲಸವೇ ಇಲ್ಲ. ಸ್ಕ್ಯಾನ್ ಮಾಡಿದ ಬಣ್ಣದ ಚಿತ್ರದಲ್ಲಿ ಕೆಂಪು, ಹಸಿರು, ನೀಲಿ ಎಂಬ ಮೂರು ಪದರಗಳ (ಚಾನೆಲ್) ಪೈಕಿ ನೀಲಿ ಒಂದನ್ನೇ ಉಳಿಸಿಕೊಂಡರೆ ತಿಳಿನೀಲಿ ಬಿಳಿಯಾಗಿ ಕರಗಿ ಇಂಕು ಮಾತ್ರ ನಿಲ್ಲುತ್ತದೆ. ಪೆನ್ಸಿಲ್ ಒಂದು ಪುಟಕ್ಕೆ ಒಂದು ಸಂಜೆ. ಕೈ ಬಿಗಿಯಾಗಿ ಮುಂದೆ ಸಾಗದವರು ಕೆಲಸ ಶುರುವಾಗುವ ಮುಂಚೆ ಒಂದು ಭಾನುವಾರ 4 ಗಂಟೆಯಲ್ಲಿ 4 ಪುಟದ ಬೇರೊಂದು ಕಥೆ ಮುಗಿಸಿ ನೋಡಬಹುದು. ಅಮೆರಿಕದ ಸ್ಕಾಟ್ ಮೆಕ್‌ಕ್ಲೌಡ್ 1990ರಲ್ಲಿ 24 ಗಂಟೆಯಲ್ಲಿ 24 ಪುಟ ಎಂಬ ಸವಾಲನ್ನು ಶುರುಮಾಡಿದರು, ಇದು ಅದರ ಸಣ್ಣ ರೂಪ. ಗಂಟೆಗೊಂದು ಪುಟ ಎಂದಾಗ ಯಾವುದನ್ನು ಬಿಟ್ಟರೂ ಕಥೆ ನಿಲ್ಲುತ್ತದೆ ಎಂಬುದು ಕೈಗೇ ಗೊತ್ತಾಗುತ್ತದೆ.

ಇಂಕನ್ನು ಮೊದಲ ಪುಟದಿಂದ ಆರಂಭಿಸಬಾರದು. ನಾವು ಹಾಕಿದ್ದು 3, 4, 5, 6, 2, 7, 1, 8 ಈ ಕ್ರಮದಲ್ಲಿ. ಎಂಟು ಪುಟದಲ್ಲಿ ಕೈ ಖಂಡಿತ ಸುಧಾರಿಸುತ್ತದೆ. ಒಂದರಿಂದ ಎಂಟಕ್ಕೆ ಹೋದರೆ ಅತಿ ಒರಟು ಪುಟ ಓದುಗರ ಮೊದಲ ನೋಟಕ್ಕೆ ಬೀಳುತ್ತದೆ, ಬರೆದವರಿಗೂ ಅದನ್ನು ಮತ್ತೆ ಬರೆಯುವ ಆಸೆ ಹುಟ್ಟುತ್ತದೆ. ಒಂದನ್ನು ಮತ್ತೆ ಬರೆದರೆ ಎರಡು ಸಪ್ಪೆ, ಎರಡನ್ನು ಬರೆದರೆ ಮೂರು. ಈ ಸುತ್ತಿಗೆ ಕೊನೆಯಿಲ್ಲ. ಒರಟುತನವನ್ನು ನಡುವಿನ ಪುಟಗಳಲ್ಲಿ ಹುದುಗಿಸಿ, ಪಳಗಿದ ಕೈಯನ್ನು ಮೊದಲ ಮತ್ತು ಕೊನೆಯ ಪುಟಕ್ಕೆ ಉಳಿಸಿಕೊಳ್ಳಬೇಕು. ಒಂದು ಪುಟದೊಳಗೆ ಗುಳ್ಳೆ ಮತ್ತು ಚೌಕದ ಅಂಚು ಮೊದಲು, ಮುಖಗಳು ಆಮೇಲೆ, ಹಿನ್ನೆಲೆ ಕೊನೆಗೆ. ಕಪ್ಪು ತುಂಬಬೇಕಾದ ಜಾಗಕ್ಕೆ ಸಣ್ಣ ಅಡ್ಡಗುರುತು ಹಾಕಿಟ್ಟು, ಇಡೀ ಪುಟ ಮುಗಿದಾಗ ದೂರದಿಂದ ನೋಡಿ ತುಂಬಬೇಕು. ರಾತ್ರಿಯ ಕಥೆಯೆಂದು ಎಲ್ಲ ಚೌಕಕ್ಕೂ ಕಪ್ಪು ಸುರಿದರೆ ಒಲೆಯ ಬೆಂಕಿಗೆ ಬೆಳಕೇ ಇರುವುದಿಲ್ಲ.

ಹಾಳೆ 200 ಜಿಎಸ್‌ಎಂ ಕಾರ್ಟ್ರಿಜ್, ಅಂದರೆ ಚಿತ್ರ ಬರೆಯುವ ದಪ್ಪ ಹಾಳೆ. ಜೆರಾಕ್ಸ್ ಹಾಳೆ ಬ್ರಷ್ಷಿನ ಇಂಕಿಗೆ ಸುಕ್ಕಾಗುತ್ತದೆ. ಮಳೆಗಾಲದಲ್ಲಿ ಹಾಳೆ ತೇವ ಹೀರಿ ಗೆರೆಯ ಅಂಚು ಒಡೆಯುತ್ತದೆ, ಪ್ಲಾಸ್ಟಿಕ್ ಚೀಲದಲ್ಲಿ ಮುಚ್ಚಿಡುವುದು ಒಳ್ಳೆಯದು. ಟ್ಯಾಬ್ಲೆಟ್ಟಿನಲ್ಲಿ ಬರೆಯುವವರಿಗೆ ಒಂದೇ ಮಾತು: 100 ಪರ್ಸೆಂಟಿಗಿಂತ ಹೆಚ್ಚು ಜೂಮ್ ಮಾಡಬೇಡಿ. 400ರಲ್ಲಿ ನೇವರಿಸಿದ ಗೆರೆ ಅಚ್ಚಿನಲ್ಲಿ ಯಾರಿಗೂ ಕಾಣುವುದಿಲ್ಲ.

ಸ್ಕ್ಯಾನ್ 600 ಡಿಪಿಐನಲ್ಲಿ, ಅಂದರೆ ಇಂಚಿಗೆ 600 ಚುಕ್ಕೆ. ಎ4 ಪುಟ 4960 x 7016 ಪಿಕ್ಸೆಲ್ ಆಗುತ್ತದೆ. 300ರಲ್ಲಿ ಮಾಡಿದರೆ ತೆಳು ಗೆರೆಗೆ ಸಿಗುವುದು ನಾಲ್ಕು ಪಿಕ್ಸೆಲ್ ಮಾತ್ರ, ಓರೆಗೆರೆ ಮೆಟ್ಟಿಲಿನಂತೆ ಕಾಣುತ್ತದೆ. ಬೂದು ಬಣ್ಣ ಬಳಸಲಿಲ್ಲ, ಜೆರಾಕ್ಸ್ ಅದನ್ನು ಚುಕ್ಕೆಗಳಾಗಿ ಒಡೆಯುತ್ತದೆ.

ಎಂಟೂ ಪುಟ ಮುಗಿಯುವ ತನಕ ಮುಗಿದ ಪುಟವನ್ನು ಮುಟ್ಟುವ ಹಾಗಿರಲಿಲ್ಲ. ಕಂಡ ತಪ್ಪನ್ನೆಲ್ಲ ಒಂದು ಹಾಳೆಯಲ್ಲಿ ಬರೆದಿಡುವುದು ಮಾತ್ರ. ಕೊನೆಗೆ ಪಟ್ಟಿಯಲ್ಲಿ 27 ತಪ್ಪುಗಳಿದ್ದವು. ಮಾದರಿ ಪುಸ್ತಕ ಹೊಲಿದು ಮೂವರಿಗೆ ಓದಲು ಕೊಟ್ಟಾಗ ಅವರು ನಿಂತದ್ದು ಐದೇ ಕಡೆ: ಎರಡು ಅಕ್ಷರದೋಷ, ಒಂದು ಕಡೆ ಗುಳ್ಳೆಯ ಬಾಲ ಯಾರ ಕಡೆಗೆಂದು ತಿಳಿಯದ್ದು, 4ನೇ ಪುಟದಲ್ಲಿ ಹುಡುಗನ ಮುಖ ಬೇರೆಯವನಂತೆ ಕಂಡದ್ದು, 6ರಲ್ಲಿ ಉಕ್ಕಿದ್ದು ನೊರೆಯೋ ಹಬೆಯೋ ತಿಳಿಯದ್ದು. ಬಾಗಿದ ಕಂಬ, ಆರು ಬೆರಳಿನಂತೆ ಕಂಡ ಕೈ, ಎರಡು ಚೌಕದಲ್ಲಿ ಬೇರೆ ಬೇರೆಯಾದ ಜಾಲರಿ, ಇವನ್ನು ಒಬ್ಬರೂ ಗಮನಿಸಲಿಲ್ಲ. ದುರಸ್ತಿಗೆ ಇಟ್ಟ ಮಿತಿ ಮೂರು ಚೌಕ. ಬಾಲ, ಮುಖ, ನೊರೆ ಮೂರನ್ನೂ ಬೇರೆ ಹಾಳೆಯಲ್ಲಿ ಬರೆದು, ಸ್ಕ್ಯಾನ್ ಮಾಡಿ, ಹಳೆಯದರ ಮೇಲೆ ಕೂರಿಸಿದ್ದು ಒಂದೇ ಸಂಜೆಯಲ್ಲಿ. ಅಕ್ಷರದೋಷಕ್ಕೆ ಹತ್ತು ನಿಮಿಷ.

ಅಚ್ಚಿಗೆ ಕೊಡುವಾಗ ಅಂಚಿನವರೆಗೆ ಕಪ್ಪಿರುವ ಪುಟಗಳಿಗೆ 3 ಮಿ.ಮೀ. ಹೆಚ್ಚುವರಿ ಬಿಟ್ಟು, ಮಾತುಗಳನ್ನು ಅಂಚಿನಿಂದ 10 ಮಿ.ಮೀ. ಒಳಗೆ ಇಡಬೇಕು. ರಕ್ಷಾಪುಟವನ್ನೂ ಸೇರಿಸಿ ಎಣಿಸಿದ 12 ಬದಿಗಳ ಜೋಡಿ 12-1, 2-11, 10-3, 4-9, 8-5, 6-7. ಅಂಗಡಿಯಲ್ಲಿ ಮೊದಲು ಒಂದೇ ಪ್ರತಿ ತೆಗೆಸಿ, ಮಡಚಿ, ಪುಟಸಂಖ್ಯೆ ಓದಿ ನೋಡಿದ ಮೇಲೆ ಉಳಿದವನ್ನು ಹೇಳುವುದು. ಪಟ್ಟಿಯಲ್ಲಿ ಉಳಿದ ತಪ್ಪುಗಳನ್ನು ಮುಂದಿನ ಕಥೆಯ ಪಾತ್ರದ ಹಾಳೆಯ ಪಕ್ಕದಲ್ಲೇ ಗೋಡೆಗೆ ಅಂಟಿಸಿದ್ದೇವೆ. ಹೊಸ ತಾತನ ಮೂಗು ಅಲ್ಲಿಂದಲೇ ಶುರುವಾಗಿದೆ.